ಲೀಟರಿಗೆ ಹದಿನೆಂಟು ಕೊಡದೆ ಹೋದರೆ

“ನೋಡೇ, ಮೂವತ್ತೊಂದು ವರ್ಷ ಟೂಲ್ ರೂಮಲ್ಲಿ ಕೆಲ್ಸ ಮಾಡ್ದೋನು ನಾನು. ಕೂದಲೆಳೇಲಿ ಅತ್ತು ಪಾಲು ಮಾಡಿ ಒಂದು ಪಾಲು ಅಳ್ದು ಕೊಟ್ಟಿರೋ ಕೈ ಇದು. ಈ ಕೈ ಅಳ್ದು ಏಳ್ತಾ ಐತೆ. ನಮ್ ಕಾರು ಲೀಟ್ರಿಗೆ ಅನ್ನೊಂದು ಕಿಲೋಮೀಟ್ರು ಓಡ್ತೈತೆ. ಅನ್ನೊಂದು! ಇದು ಕಾರಲ್ಲ ಕಣೇ, ನಾಕು ಚಕ್ರದ ಮೇಲೆ ಕುಂತಿರೋ ಕುಡುಕ. ಬಂಕ್ ಕಂಡ್ರೆ ಸಾಕು, ತಾನೇ ಆ ಕಡೆ ಎಳೀತೈತೆ. ಅದುಕ್ಕೆ ತೀರ್ಮಾನ ಮಾಡ್ಬುಟ್ಟಿವ್ನಿ. ಬರೋ ಸ್ವಾಮಾರ ಬ್ರೂಕ್‌ಫೀಲ್ಡಿಂದ ಪ್ರಸನ್ನ ಅನ್ನೋರು ಬತ್ತಾರೆ. ಎಂಡ್ರಿಗೆ ಡ್ರೈವಿಂಗ್ ಕಲ್ಸಾಕೆ ಒಂದು ಅಳೇ ಕಾರು ಬೇಕಂತೆ. ಎಲ್ಲಿ ಗುದ್ದಿದ್ರೂ ಒಟ್ಟೆ ಉರೀಬಾರ್ದು, ಅಂಥದ್ದು ಉಡುಕ್ತಾವ್ರೆ. ಕೊಟ್ಬುಡ್ತೀನಿ. ಒಂದು ಸ್ಕೂಟ್ರು ತಕ್ಕೊಂತೀನಿ. ಲೀಟ್ರಿಗೆ ಐವತ್ತು! ನೀನು ಇಂದೆ ಕುಂತ್ಕೊ, ಸೆರಗು ಸೊಂಟಕ್ಕೆ ಸಿಕ್ಕಿಸ್ಕೊ, ನನ್ ಭುಜ ಗಟ್ಟಿಯಾಗಿ ಇಡ್ಕೊ. ಗಂಗಮ್ಮನ ಮನೆ ಏನು, ತಿರುಪ್ತಿಗೇ ಓಗ್ಬರಾನ. ಇದು ನನ್ ಕೊನೇ ಮಾತು.”

ಕೊನೆಯ ಮಾತು ಎಂದು ನಮ್ಮ ಯಜಮಾನರು ಮದುವೆಯಾದ ನಲವತ್ತೆರಡು ವರ್ಷಗಳಲ್ಲಿ ಇನ್ನೂರು ಸಲವಾದರೂ ಹೇಳಿದ್ದಾರೆ. ಇನ್ನೂರು ಸಲವೂ ಆಮೇಲಿನ ಮಾತು ನನ್ನದೇ. ಆದರೆ ಈ ಸಲ ಸುಮ್ಮನೆ ಬಿಡುವ ಹಾಗಿರಲಿಲ್ಲ. ಯಾಕೆಂದರೆ ಮಾರಾಟಕ್ಕೆ ಹೊರಟದ್ದು ಕಾರಲ್ಲ, ನನ್ನ ಎರಡು ಕಾಲು!

ಸ್ವಲ್ಪ ಬಿಡಿಸಿ ಹೇಳುತ್ತೇನೆ. ನನಗೆ ಅರವತ್ತಾರು. ನನ್ನ ಮಂಡಿಗಳಿಗೆ ಎಷ್ಟೋ ಗೊತ್ತಿಲ್ಲ, ನನಗಿಂತ ಹಿರಿಯವು ಇರಬೇಕು. ಬಸ್ಸಿನ ಮೊದಲ ಮೆಟ್ಟಿಲು ನನಗೆ ತಿರುಪತಿ ಬೆಟ್ಟ. ಅತ್ತಿಬೆಲೆಯಲ್ಲಿ ತಂಗಿ ಗಂಗಮ್ಮ ಇದ್ದಾಳೆ, ಅವಳ ಮಂಡಿಗಳೂ ಅದೇ ಕಾರ್ಖಾನೆಯ ಸರಕು. ನಮ್ಮಿಬ್ಬರ ನಡುವೆ ನಾಲ್ಕು ಮಂಡಿ, ಕೆಲಸ ಮಾಡುವುದು ಒಂದೂವರೆ. ಯಜಮಾನರು ಬೊಮ್ಮಸಂದ್ರದ ಫ್ಯಾಕ್ಟರಿಯಿಂದ ರಿಟೈರ್ ಆದಾಗ ಎಂಟು ವರ್ಷ ಓಡಿದ್ದ ಈ ಬಿಳಿ ಪುಟಾಣಿ ಕಾರನ್ನು ತಂದರು. ಅಂದಿನಿಂದ ಪ್ರತಿ ಗುರುವಾರ ನಾನು ಗಂಗಮ್ಮನ ಮನೆಗೆ ಹೋಗುತ್ತೇನೆ. ಅವಳ ಜೊತೆ ಕೂತು ಇಡೀ ಊರನ್ನು ಜಾಲಿಸಿ, ಕಲ್ಲು ಕಸ ತೆಗೆದು, ಸಂಜೆಗೆ ಹಗುರಾಗಿ ಬರುತ್ತೇನೆ. ಕಾರು ಹೋದರೆ ನನ್ನ ಲೋಕ ಹೊಸ್ತಿಲಿಗೆ ಮುಗಿಯಿತು. ಸ್ಕೂಟರಿನ ಹಿಂದೆ ನಾನೇ? ಸೆರಗು ಚಕ್ರಕ್ಕೆ ಸಿಕ್ಕಿಸಿಕೊಂಡು ಸಾಯುವುದಕ್ಕಿಂತ ಮನೆಯಲ್ಲಿ ಬೇಜಾರಿನಿಂದ ಸಾಯುತ್ತೇನೆ!

“ಕಾರು ಮಾರಾಕಿಲ್ಲ,” ಅಂದೆ.

“ಅನ್ನೊಂದು ಕೊಡೋ ಕಾರನ್ನ ಇಟ್ಕೊಂಡು ಪೂಜೆ ಮಾಡ್ಲಾ?”

“ಕಾರು ಅನ್ನೊಂದು ಕೊಡ್ತಾ ಇಲ್ಲ. ನೀವು ಅನ್ನೊಂದು ಕೊಡ್ಸಿಕೊಳ್ತಾ ಇದೀರ. ನನ್ ಕೈಲಿ ಬಿಡಿ, ಅದಿನೆಂಟು ಕೊಡ್ಸ್ತೀನಿ!”

ಯಜಮಾನರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಮೂರನೇ ಕ್ಲಾಸು, ಅದೂ ಅರ್ಧ. ಆಕ್ಸಿಲರೇಟರು ಯಾವ ಕಾಲಿಗೆ ಎಂದು ಗೊತ್ತಿಲ್ಲದವಳು. ಹದಿನೆಂಟು ಕೊಡಿಸುತ್ತಾಳಂತೆ!

ಅವರಿಗೆ ಗೊತ್ತಿರಲಿಲ್ಲ, ನನಗೆ ಶಾಲೆ ಇಲ್ಲದಿದ್ದರೂ ಕಿವಿ ಇದೆ. ನಮ್ಮ ಮನೆಯ ಮುಂದೆ ದನದ ಕೊಟ್ಟಿಗೆ ಇತ್ತು. ದನ ಹೋದ ಮೇಲೆ ಅದನ್ನು ಲಿಂಗಸೂರು ಕಡೆಯ ಬಸಲಿಂಗನಿಗೆ ಬಾಡಿಗೆಗೆ ಕೊಟ್ಟಿದ್ದೇವೆ. ಅಲ್ಲಿ ಅವನು ಗ್ಯಾರೇಜು ಇಟ್ಟಿದ್ದಾನೆ. ಐದು ವರ್ಷದಿಂದ ನಾನು ಜಗಲಿಯ ಮೇಲೆ ಕೂತು ರಾಗಿ ಕೇರುತ್ತಾ ಅವನು ಗಿರಾಕಿಗಳಿಗೆ ಹೇಳುವುದನ್ನೆಲ್ಲ ಕೇಳಿದ್ದೇನೆ. “ಗಾಳಿ ಕಮ್ಮಿ ಇದ್ರ ಗಾಡಿ ಎಳೆಯೂದಿಲ್ರಿ.” “ಕ್ಲಚ್ ಮ್ಯಾಲೆ ಕಾಲಿಟ್ಕೊಂಡು ಕುಂದರಬ್ಯಾಡ್ರಿ, ಅದೇನು ನಿಮ್ಮ ಮನಿ ಚಪ್ಲೀನ?” “ಡಿಕ್ಕಿ ಅಂದ್ರ ಸಾಮಾನಿನ ಕ್ವಾಣಿ ಅಲ್ರಿ, ಭಾರ ಇಳಸ್ರಿ.” “ಕಿಟಕಿ ತೆರದ್ರ ಗಾಳಿ ಹಿಂದಕ್ಕ ಜಗ್ತೈತ್ರಿ.” ಸಾವಿರಾರು ಗಾಡಿಗಳ ಕಾಯಿಲೆ ನನ್ನ ಕಿವಿಯೊಳಗೆ ಹಾದು ಹೋಗಿದೆ. ಕೇಳಿಸಿಕೊಂಡು ಇಂಜಿನಿಯರಾಗುವ ಹಾಗಿದ್ದರೆ ನನ್ನ ಮನೆಯ ಮುಂದೆ ಬೋರ್ಡು ನೇತಾಡುತ್ತಿತ್ತು.

ನಮ್ಮ ಯಜಮಾನರು ಮಾತ್ರ ಕಾರನ್ನು ಒಂದು ದಿನವೂ ಬಸಲಿಂಗನ ಕೈಗೆ ಕೊಟ್ಟವರಲ್ಲ. ಟೂಲ್ ರೂಮಿನ ಆವಲಪ್ಪ ಕೊಟ್ಟಿಗೆ ಮೆಕ್ಯಾನಿಕ್ಕನ ಮುಂದೆ ಬಾನೆಟ್ ಎತ್ತುವುದುಂಟೇ?

ಬಾಜಿ ಕಟ್ಟಿದೆವು. ಭಾನುವಾರ ಪರೀಕ್ಷೆ. ಬಂಕಿನಲ್ಲಿ ಟ್ಯಾಂಕು ತುಂಬಿಸುವುದು, ಪೈಪು ತಾನಾಗಿ ಕಟ್ ಆಗುವವರೆಗೆ. ಹೈವೇಯಲ್ಲಿ ಟೋಲು, ಸಿಗ್ನಲ್ಲು ಕಾಟ, ಆದ್ದರಿಂದ ಒಳದಾರಿಯಲ್ಲಿ ಅತ್ತಿಬೆಲೆಗೆ ಹೋಗಿ ಬಂದು, ಮತ್ತೆ ಹೋಗಿ ಬರುವುದು. ಒಟ್ಟು ನಲವತ್ತೆಂಟು ಕಿಲೋಮೀಟರು. ಆಮೇಲೆ ಅದೇ ಬಂಕು, ಅದೇ ಪೈಪು, ಮತ್ತೆ ಕಟ್ ಆಗುವವರೆಗೆ. ಎರಡನೇ ಸಲ ಎಷ್ಟು ಹಿಡಿಯಿತೋ ಅಷ್ಟು ಕುಡಿದಿದೆ ಎಂದು ಲೆಕ್ಕ. ಹದಿನೆಂಟು ಬಂದರೆ ಕಾರು ಮನೆಯಲ್ಲಿ. ಬರದಿದ್ದರೆ ಸೋಮವಾರ ಬ್ರೂಕ್‌ಫೀಲ್ಡಿಗೆ.

ಭಾನುವಾರ ಬೆಳಿಗ್ಗೆ ಎದ್ದವಳೇ ಡಿಕ್ಕಿಯ ಮೇಲೆ ದಂಡೆತ್ತಿ ಹೋದೆ! ಆ ಪುಟ್ಟ ಹೊಟ್ಟೆಯೊಳಗಿಂದ ಏನೇನು ಹೊರಬಂತು ಅಂತೀರಿ? ಎರಡು ಛತ್ರಿ, ಹರಿದ ಟಾರ್ಪಾಲು, ಸ್ಪ್ಯಾನರ್ ಡಬ್ಬ, ಚಕ್ರಕ್ಕೆ ಒಡ್ಡುವ ಕಲ್ಲು, ಆ ಕಲ್ಲು ಕಳೆದರೆ ಇರಲಿ ಎಂದು ಇನ್ನೊಂದು ಕಲ್ಲು, ಗಂಗಮ್ಮನಿಗೆ ಯುಗಾದಿಗೆ ಮುಂಚೆ ಕೊಡಬೇಕಾಗಿದ್ದ ಒನಕೆ, ಫ್ಯಾಕ್ಟರಿಯವರು ಕೊಟ್ಟ ಗೋಡೆ ಗಡಿಯಾರ, ಒಣಗಿ ಗೊಟ್ಟಾದ ಮೂರು ಎಳನೀರು. ಕೊನೆಗೆ ಸ್ಟೆಪ್ನಿ ಚಕ್ರಕ್ಕೂ ಕೈ ಹಾಕಿದೆ.

“ಏ, ಸ್ಟೆಪ್ನಿ ಬುಡು! ಪಂಚರ್ ಆದ್ರೆ?”

“ಪಂಚರ್ ಆದ್ರೆ ಪೆಟ್ರೋಲ್ ಉಳೀತೈತೆ. ನಡೀರಿ.”

“ಅಷ್ಟೊಂದು ಭಾರದ ಮೇಲೆ ಕಣ್ಣಿದ್ರೆ ಮುಂದಿನ ಸೀಟಲ್ಲಿ ಎಪ್ಪತ್ತೆಂಟು ಕೆಜಿ ಮೂಟೆ ಒಂದೈತೆ, ಅದುನ್ನೂ ಇಳ್ಸು!”

“ಆ ಮೂಟೆ ಇಳುದ್ರೆ ನೀವು ಮೂರನೇ ಗೇರಲ್ಲೇ ಅತ್ತಿಬೆಲೆಗೆ ಓಗ್ಬುಟ್ಟು, ಅನ್ನೊಂದೇ ಬಂತು ಅಂತ ಬಂದೇಳ್ತೀರ. ನಾನು ಪಕ್ಕದಲ್ಲೇ ಕುಂತ್ಕೊಂಡು ನೋಡ್ತೀನಿ.”

ಇದು ಸತ್ಯವಾದ ಭಯ. ಸ್ಕೂಟರು ಬೇಕೆನ್ನುವವರ ಕೈಯಲ್ಲಿ ಸ್ಟೇರಿಂಗು ಕೊಟ್ಟು ಕಾವಲಿಲ್ಲದೆ ಕಳಿಸುವುದೇ? ಆದರೂ ಮೂಟೆಯ ಮಾತು ಮನಸ್ಸಿಗೆ ನಾಟಿತು. ಆ ದಿನ ಮುದ್ದೆ ಬಿಟ್ಟೆ, ಬರೀ ಕಾಫಿ ಕುಡಿದೆ. ಬಳೆಗಳಲ್ಲಿ ಅರ್ಧ ತೆಗೆದಿಟ್ಟೆ. ದೇಶಕ್ಕಾಗಿ ಪ್ರಾಣ ಕೊಟ್ಟವರಿದ್ದಾರೆ, ಮೈಲೇಜಿಗಾಗಿ ಬಳೆ ಕೊಟ್ಟವಳು ನಾನೊಬ್ಬಳೇ ಇರಬೇಕು!

ಬಸಲಿಂಗ ಚಕ್ರಗಳಿಗೆ ಗಾಳಿ ಹೊಡೆದುಕೊಟ್ಟ. “ಅಮ್ಮಾರ, ಏನ್ರಿ ಇವತ್ತ ರೇಸಾ?” ಎಂದ. “ರೇಸಲ್ಲಪ್ಪ, ಯುದ್ಧ,” ಅಂದೆ.

ಬಂಕಿನಲ್ಲಿ ಪೆಟ್ರೋಲು ಹಾಕುವವಳು ಮಹಾನಂದಾ ಎಂಬ ಹುಡುಗಿ. ಅವಳೂ ಬಸಲಿಂಗನ ಕಡೆಯವಳೇ. ಪೈಪು ಕಟ್ ಆದ ಮೇಲೆ ನಾನು ಕಾರಿನ ಹಿಂಭಾಗವನ್ನು ಹಿಡಿದು ರಾಗಿ ಚೀಲ ಕುಲುಕುವ ಹಾಗೆ ಕುಲುಕಿದೆ. “ಗಾಳಿ ನಿಂತಿರ್ತೈತೆ, ಇನ್ನೊಂದ್ ಚೂರು ಇಡಿಸಮ್ಮ.” ಅವಳು ನಕ್ಕು ಇನ್ನೊಂದು ಚಮಚದಷ್ಟು ಬಿಟ್ಟಳು.

ಹೊರಟೆವು. ಕಿಟಕಿ ಎರಡೂ ಬಂದ್! ಫ್ಯಾನು ಬಂದ್! ರೇಡಿಯೋ ಬಂದ್, ಅದು ಪೆಟ್ರೋಲು ಕುಡಿಯುತ್ತದೋ ಇಲ್ಲವೋ, ಯಾಕೆ ಬೇಕು ಅನುಮಾನ! ಕಾರಿನೊಳಗೆ ಇಡ್ಲಿ ಇಟ್ಟಿದ್ದರೆ ಬೆಂದಿರುತ್ತಿತ್ತು.

“ಟಾಪ್ ಗೇರ್ ಆಕಿ.”

“ಆಕ್ತೀನಿ ಇರೇ, ಇನ್ನೂ ಗೇಟ್ ದಾಟಿಲ್ಲ.”

“ಕ್ಲಚ್ಚಿಂದ ಕಾಲ್ ತೆಗೀರಿ.”

“ನನ್ ಕಾಲು, ನನ್ ಕ್ಲಚ್ಚು!”

“ಕಾಲು ನಿಮ್ದು, ಗುರುವಾರ ನಂದು. ತೆಗೀರಿ!”

ನಮ್ಮ ಯಜಮಾನರು ಕಾರು ಓಡಿಸುವ ಚೆಂದವನ್ನು ಹೇಳಬೇಕು. ಹೋರಿಯ ಎರಡು ಕೊಂಬು ಹಿಡಿದ ಹಾಗೆ ಸ್ಟೇರಿಂಗ್ ಹಿಡಿಯುತ್ತಾರೆ. ಕತ್ತು ನೆಟ್ಟಗೆ, ಕಣ್ಣು ರಸ್ತೆಗೆ. ಪಕ್ಕದಲ್ಲಿ ಹೆಂಡತಿಯೇ ಇದ್ದಾಳೋ ಅಡ್ಡಪಲ್ಲಕ್ಕಿಯೇ ಇದೆಯೋ, ತಿರುಗಿ ನೋಡುವವರಲ್ಲ. ನಾನೋ, ತಿರುವು ಬಂದರೆ ಸಾಕು, ಈ ಕಡೆಗೆ ಜಾರುತ್ತೇನೆ. ಪುಣ್ಯಕ್ಕೆ ಕಾರು ಮಾಡಿದವರು ವಯಸ್ಸಾದವರ ಕಷ್ಟ ಬಲ್ಲವರು. ಬಸ್ಸಿನಲ್ಲಿ ಕಂಬ ಕೊಟ್ಟ ಹಾಗೆ ಇಲ್ಲಿ ಎರಡು ಸೀಟಿನ ನಡುವೆ, ಸರಿಯಾಗಿ ನನ್ನ ಬಲಗೈಗೆ ಸಿಗುವ ಹಾಗೆ, ಕರಿ ಹಿಡಿಯೊಂದನ್ನು ಇಟ್ಟಿದ್ದಾರೆ. ಅದನ್ನು ಹಿಡಿದು ಒಂದು ಸಲ ಮೇಲಕ್ಕೆ ಎಳೆದುಕೊಂಡರೆ ‘ಕಟ್’ ಎಂದು ಕೂರುತ್ತದೆ. ಆ ಸದ್ದು ಕಿವಿಗೆ ಬಿದ್ದರೆ ನನಗೆ ಧೈರ್ಯ.

ಪರೀಕ್ಷೆಯ ದಿನ ಧೈರ್ಯ ಹೆಚ್ಚು ಬೇಕಾಗಿತ್ತು. ಕಟ್! ಕಟ್!

ಒಳದಾರಿಯ ನಡುವೆ ಅರಳಿಕಟ್ಟೆ ಇದೆ. ಅಲ್ಲಿ ಬಸ್ಸಿಗೆ ಕಾಯುವವರು ಯಾವಾಗಲೂ ಇರುತ್ತಾರೆ. ನಮ್ಮ ಕಡೆ ಒಂದು ಪದ್ಧತಿ: ಗುರುತಿನವರು ಕೈ ತೋರಿದರೆ ಗಾಡಿ ನಿಲ್ಲಿಸಬೇಕು. ನಿಲ್ಲಿಸದೆ ಹೋದವನು ಮುಂದಿನ ಮೂರು ಮದುವೆಗಳಲ್ಲಿ ಒಂದನೇ ಪಂಕ್ತಿಯಲ್ಲಿ ಕೂತು ಉಣ್ಣುವ ಆಸೆ ಬಿಡಬೇಕು. ಆವತ್ತು ಸೊಪ್ಪಿನ ಬುಟ್ಟಿ ಇಟ್ಟುಕೊಂಡು ಸಿದ್ದಕ್ಕ ನಿಂತಿದ್ದಳು. ಬಸಲಿಂಗನ ಅತ್ತೆ, ನಮ್ಮ ಹಿಂದಿನ ಸಾಲಿನ ಬಾಡಿಗೆ ಮನೆಯವಳು. ಕೈ ಎತ್ತಿದಳು.

ಯಜಮಾನರ ಕಾಲು ಬ್ರೇಕಿನ ಕಡೆ ಹೋಯಿತು.

“ನಿಲ್ಸಿದ್ರೆ ನೋಡಿ! ನಿಲ್ಸಿ ಎಳುದ್ರೆ ಅರ್ಧ ಲೋಟ ಪೆಟ್ರೋಲು!”

“ಪಾಪ ಕಣೇ, ಸಿದ್ದಕ್ಕ…”

“ಸಿದ್ದಕ್ಕ, ಬುಟ್ಟಿ, ಸೊಪ್ಪಲ್ಲಿರೋ ನೀರು, ಎಲ್ಲಾ ಸೇರಿ ಎಪ್ಪತ್ತು ಕೆಜಿ. ನಡೀರಿ!”

ನಾನು ಮುಚ್ಚಿದ ಕಿಟಕಿಯೊಳಗಿಂದ ಕೈ ಆಡಿಸಿದೆ. ಇವತ್ತು ಆಗಲ್ಲ, ನಾಳೆ, ಎಂಬ ಅರ್ಥದಲ್ಲಿ. ಮನಸ್ಸಿಗೆ ಚುರುಕ್ಕೆಂದಿತು. ಆದರೆ ಯುದ್ಧದಲ್ಲಿ ಕರುಣೆ ಎಲ್ಲಿ?

ಅತ್ತಿಬೆಲೆಯಲ್ಲಿ ತಿರುಗಿಸಿಕೊಂಡು ಹಿಂದಕ್ಕೆ ಬಂದೆವು. ಬಸ್ಸು ಬಂದಿರಲಿಲ್ಲ, ಸಿದ್ದಕ್ಕ ಅಲ್ಲೇ ಇದ್ದಳು. ಈಗ ಅವಳ ಪಕ್ಕ ಇನ್ನಿಬ್ಬರು. ಈ ಸಲ ಕೈ ಎತ್ತಲಿಲ್ಲ, ಬೆರಳು ಮಾಡಿ ನಮ್ಮ ಹಿಂದಿನ ಚಕ್ರದ ಕಡೆ ತೋರಿಸಿದಳು. ಏನೋ ಕೂಗಿದಳು. ಆಮೇಲೆ ಮೂಗು ಹಿಡಿದುಕೊಂಡಳು!

“ನೋಡಿದ್ರಾ ಆ ಸಿದ್ದಕ್ಕನ ಕೊಬ್ಬು? ಅತ್ತಿಸಿಕೊಳ್ಲಿಲ್ಲ ಅಂತ ನಮ್ ಕಾರಿಗೆ ಮೂಗು ಮುಚ್ಕೊಂತಾಳೆ!”

“ಏನೋ ಕೂಗಿದ್ಲು ಕಣೇ. ಕಿಟ್ಕಿ ಇಳ್ಸು, ಕೇಳಾನ.”

“ಕಿಟ್ಕಿ ಇಳುದ್ರೆ ಗಾಳಿ ಇಂದಕ್ಕೆ ಎಳೀತೈತೆ! ಬೈದಿರ್ತಾಳೆ ಬಿಡಿ.”

ಎರಡನೇ ಸುತ್ತಿಗೆ ಹೊರಟಾಗ ಯಜಮಾನರು ಮೂಗು ಅರಳಿಸಿದರು. “ಏನೋ ಸುಟ್ಟ ವಾಸ್ನೆ ಬತ್ತಾ ಐತೆ.”

“ನಮ್ ಕಡೆ ಯಾವ್ ದಿನ ವಾಸ್ನೆ ಬರಾಕಿಲ್ಲ? ಯಾವ್ದೋ ಮಾತ್ರೆ ಫ್ಯಾಕ್ಟ್ರೀದು.”

“ಇವತ್ತು ಭಾನ್ವಾರ. ಫ್ಯಾಕ್ಟ್ರಿ ರಜ.”

“ಅಂಗಾದ್ರೆ ನೆನ್ನೇದು ಉಳ್ಕೊಂಡಿರ್ಬೇಕು.”

“ಗಾಡಿ ಯಾಕೋ ಎಳೀತಾ ಇಲ್ಲ ಕಣೇ. ಎತ್ತು ಮಲಗಿದಂಗೆ ಮಾಡ್ತೈತೆ.”

“ನೀವು ಎಳುಸ್ತಾ ಇಲ್ಲ! ಸ್ಕೂಟ್ರು ಆಸೆಗೆ ಬೇಕಂತ ಕಾಲು ಸಡ್ಲ ಬುಡ್ತಾ ಇದೀರ. ನಂಗೊತ್ತಾಗಕಿಲ್ವಾ?” ಎಂದು ಸಿಟ್ಟಿನಿಂದ ಹಿಡಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದೆ. ಕಟ್!

ಮೂರನೇ ಸಲ ಅರಳಿಕಟ್ಟೆ ದಾಟುವಾಗ ಅಲ್ಲಿ ಹತ್ತು ಹದಿನೈದು ಜನ. ಅತ್ತಿಬೆಲೆ ಕಡೆಗೆ ಹೋಗುವವರೋ, ಬರುವವರೋ, ಎಲ್ಲರೂ ರಸ್ತೆಯ ಅಂಚಿಗೆ ಬಂದು ಎರಡೂ ಕೈ ಬೀಸುತ್ತಿದ್ದರು. ಒಬ್ಬ ಹಾರಿ ಹಾರಿ ಕುಣಿಯುತ್ತಿದ್ದ. ಸಿದ್ದಕ್ಕ ಕೈಯನ್ನು ಕೆಳಗಿನಿಂದ ಮೇಲಕ್ಕೆ ಸುಳಿ ಸುಳಿಯಾಗಿ ಆಡಿಸಿ ಏನನ್ನೋ ತೋರಿಸಿದಳು. ನನ್ನ ಎದೆ ಉಬ್ಬಿತು!

“ನೋಡಿ! ಸುದ್ದಿ ಅಬ್ಬೈತೆ. ಬಾಜಿ ವಿಷ್ಯ ಬಸಲಿಂಗ ಏಳಿರ್ಬೇಕು. ನನ್ನ ಗೆಲ್ಸಾಕೆ ಬಂದವ್ರೆ ಜನ!”

ನಾನು ಗಾಜಿನೊಳಗಿಂದ ಬಲಕ್ಕೂ ಎಡಕ್ಕೂ ಗಂಭೀರವಾಗಿ ಕೈ ಬೀಸಿದೆ. ಎಡಗೈಯಲ್ಲಿ. ಬಲಗೈಗೆ ಬೇರೆ ಕೆಲಸ ಇತ್ತಲ್ಲ.

ನಾಲ್ಕನೇ ಸಲ, ಗೆಲುವಿಗೆ ಇನ್ನೇನು ಐದಾರು ಕಿಲೋಮೀಟರು, ಅರಳಿಕಟ್ಟೆಯ ಎದುರಿಗೆ ನೀರಿನ ಟ್ಯಾಂಕರೊಂದು ರಸ್ತೆಗೆ ಅಡ್ಡ ನಿಂತಿತ್ತು. ನಮ್ಮೂರ ಮುನಿರಾಜುವಿನದು. ಯಜಮಾನರು ಬ್ರೇಕು ತುಳಿದರು. ಅರ್ಧ ಲೋಟ ಪೆಟ್ರೋಲು ಹಾಳು! ಆ ಮುನಿರಾಜುವಿಗೆ ನಾಲ್ಕು ಮಾತು ಹೇಳಲೇಬೇಕೆಂದು, ಇಡೀ ದಿನದಲ್ಲಿ ಮೊದಲ ಸಲ, ಕಿಟಕಿಯ ಗಾಜು ಇಳಿಸಿದೆ.

“ಲೋ ಮುನಿರಾಜು, ನಿನ್ ಟ್ಯಾಂಕ್ರಿಗೆ ಬೇರೆ ಜಾಗ…”

ಮಾತು ಮುಗಿಯಲಿಲ್ಲ. ಟ್ಯಾಂಕರಿನ ತೊಡೆಗಾತ್ರದ ಪೈಪಿನಿಂದ ಗಂಗೆ ಭುಸ್ಸೆಂದು ಬಂದಳು! ಮೊದಲು ಹಿಂದಿನ ಚಕ್ರಕ್ಕೆ, ಆಮೇಲೆ ಪೈಪು ಅವನ ಕೈಮೀರಿ ಹಾವಿನ ಹಾಗೆ ಎದ್ದು ನೇರ ನನ್ನ ಕಿಟಕಿಗೆ. ಬಾಯಿ ತೆರೆದಿತ್ತಲ್ಲ, ಅರ್ಧ ಕೊಡ ಒಳಗೇ ಹೋಯಿತು. ಒಪ್ಪತ್ತು ಅಲ್ಲಿಗೆ ಮುಗಿಯಿತು! ಕಾರಿನ ಹಿಂಬದಿಯಿಂದ ಚುಂಯ್ ಎಂದು ಒಗ್ಗರಣೆ ಹಾಕಿದ ಸದ್ದು, ಬಿಳಿ ಮೋಡದ ಹಾಗೆ ಆವಿ.

“ಆರ್ತು, ಆರ್ತು!” ಎಂದು ಜನ ಕೂಗಿದರು.

“ಏನು ಆರಿದ್ದು?” ಎಂದು ನಾನು ನೀರು ಉಗುಳುತ್ತಾ ಕೇಳಿದೆ.

ಸಿದ್ದಕ್ಕ ಮುಂದೆ ಬಂದಳು. ಸೊಪ್ಪಿನ ಬುಟ್ಟಿಯನ್ನು ನೆಲಕ್ಕಿಟ್ಟು, ಸೊಂಟಕ್ಕೆ ಕೈಯಿಟ್ಟು. “ಅಮ್ಮಾರ, ಮೊದಲ್ನೇ ಸಲ ಹತ್ತಿಸ್ಕೋರಿ ಅಂತ ಕೈ ಮಾಡಿದ್ದು ಖರೇರಿ. ಆಮ್ಯಾಲ ಎರಡ್ನೇ ಸಲ ಕೂಗಿದೆ, ಚಕ್ರದಾಗ ಹೊಗಿ ಬರಾಕತ್ತೈತಿ ಅಂತ. ಮೂರ್ನೇ ಸಲ ಊರೆಲ್ಲಾ ಕೂಗಿತು. ನೀವು ಒಳಗ ಕುಂತು ಮಾರಾಣಿ ಹಂಗ ಕೈ ಬೀಸ್ಕೊಂತ ಹೋದ್ರೆಲ್ರಿ!”

ಕಿವಿಯೇ ನನ್ನ ಆಸ್ತಿ ಎಂದು ಬೀಗುತ್ತಿದ್ದವಳು ನಾನು. ಹದಿನೈದು ಜನ ಗಂಟಲು ಹರಿದುಕೊಂಡು ಕೂಗಿದ್ದು ನನಗೆ ಕೇಳಿಸಲಿಲ್ಲ. ಆಸ್ತಿಗೆ ನಾನೇ ಗಾಜು ಏರಿಸಿ ಬೀಗ ಹಾಕಿದ್ದೆ!

ಯಾರೋ ಫೋನು ಮಾಡಿ, ಬಸಲಿಂಗ ತನ್ನ ಮೊಪೆಡ್ಡಿನಲ್ಲಿ ಬಂದ. ಹಿಂದಿನ ಚಕ್ರದ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿದ. ಚುರ್ ಎಂದಿತು. ಮೇಲೆದ್ದು ಯಜಮಾನರನ್ನು ನೋಡಿದ.

“ಅಪ್ಪಾರ, ಹ್ಯಾಂಡ್‌ಬ್ರೇಕ್ ಹಾಕ್ಕೊಂಡು ಓಡಿಸೀರೇನ್ರಿ?”

“ನಾನಾ? ಮೂವತ್ತೊಂದು ವರ್ಷ ಟೂಲ್ ರೂಮು! ಸ್ಟಾರ್ಟ್ ಮಾಡಿದ್ ತಕ್ಷಣ ಇಳ್ಸಿವ್ನಿ.”

“ಮತ್ತ ಡ್ಯಾಶ್‌ಬೋರ್ಡಿನ್ಯಾಗ ಕೆಂಪು ದೀಪ ಉರಿಯಾಕತ್ತೈತೆಲ್ರಿ?”

“ಅದು ತಂದಾಗಿನಿಂದ ಉರೀತೈತೆ. ಅದು ಅಂಗೇ.”

ಬಸಲಿಂಗ ನನ್ನ ಕಡೆಯ ಬಾಗಿಲಿನಿಂದ ಒಳಗೆ ಬಗ್ಗಿದ. ನಾನು ನೀರು ತೊಟ್ಟಿಕ್ಕುತ್ತಾ ಇನ್ನೂ ಸೀಟಿನಲ್ಲೇ ಇದ್ದೆ. ಗಾಬರಿಯಲ್ಲಿ ಹಿಡಿದದ್ದನ್ನು ಬಿಟ್ಟಿರಲಿಲ್ಲ.

“ಅಮ್ಮಾರ, ನಿಮ್ಮ ಕೈಯಾಗ ಏನೈತ್ರಿ ಅದು?”

“ಇಡಿ. ಇಡ್ಕೊಳ್ಳೋ ಇಡಿ.”

“ಯಾವಾಗಿಂದ ಹಿಡ್ಕೊಂಡೀರಿ?”

“ಕಾರು ಬಂದಾಗಿಂದ್ಲೂ.”

ಯಜಮಾನರು ತಮ್ಮ ಜನ್ಮದಲ್ಲಿ ಮೊದಲ ಸಲ ಕಾರಿನೊಳಗೆ ಕತ್ತು ತಿರುಗಿಸಿ ನನ್ನ ಬಲಗೈಯನ್ನು ನೋಡಿದರು.

“ನಾನು ಗಾಡಿ ನಿಲ್ಸಿ ಅದುನ್ನ ಎಳೀತಿದ್ದನಲ್ಲ ದಿನಾ, ಅದು ಯಾತಕ್ಕೆ ಅಂದ್ಕೊಂಡಿದ್ದೆ?”

“ನಿಮ್ಗೂ ಮಂಡಿ ನೋವಲ್ವಾ. ಏಳಾಕೆ ಆಸರೆ ಮಾಡ್ಕೊಂತೀರ ಅಂತ!”

ಆಮೇಲೆ ನಕ್ಕವರ ಹೆಸರು ಬರೆಯಲು ಹೋದರೆ ವೋಟರ್ ಲಿಸ್ಟು ಬೇಕು. ಮುನಿರಾಜು ಟ್ಯಾಂಕರಿಗೆ ಒರಗಿಕೊಂಡು ನಕ್ಕ. ಸಿದ್ದಕ್ಕ ಸೊಪ್ಪಿನ ಬುಟ್ಟಿಯ ಮೇಲೇ ಕೂತುಬಿಟ್ಟಳು. ಬಸಲಿಂಗ ಮಾತ್ರ ನಗಲಿಲ್ಲ, ಕೊಟ್ಟಿಗೆ ಬಾಡಿಗೆಗೆ ಕೊಟ್ಟವಳಲ್ಲವೇ ನಾನು. ಚಕ್ರದ ಕಡೆ ಮುಖ ತಿರುಗಿಸಿಕೊಂಡ, ಬೆನ್ನು ಕುಲುಕುತ್ತಿತ್ತು.

ಅರ್ಧ ಗಂಟೆ ಚಕ್ರ ಆರಿಸಿ, ಬಸಲಿಂಗನಿಂದ ಬ್ರೇಕು ಸರಿ ಮಾಡಿಸಿಕೊಂಡು ಬಂಕಿಗೆ ಹೋದೆವು. ಮಹಾನಂದಾ ಪೈಪು ಹಾಕಿದಳು. ನಾಲ್ಕು ಲೀಟರು ಎಂಟುನೂರು ಮಿಲಿ. ಯಜಮಾನರು ಮೊಬೈಲಿನಲ್ಲಿ ಭಾಗ ಮಾಡಿದರು.

“ಅತ್ತು. ಲೀಟ್ರಿಗೆ ಅತ್ತು! ನನ್ ಅನ್ನೊಂದನ್ನೂ ಇಳ್ಸಿಬುಟ್ಟೆಯಲ್ಲೇ! ಬಾಜಿ ಮುಗೀತು. ನಾಳೆ ಅನ್ನೊಂದು ಗಂಟೆಗೆ ಪ್ರಸನ್ನ ಬತ್ತಾರೆ.”

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಸೆರಗು ಮುಚ್ಚಿಕೊಂಡು ಮನೆ ಸೇರುತ್ತಿದ್ದರು. ನಾನು ಚಿಕ್ಕಮುನಿಯಮ್ಮ!

“ಬಾಜಿ ಎಲ್ಲಿ ಮುಗೀತು? ಪರೀಕ್ಸೆಗೆ ಕುಂತಿದ್ದು ಕಾರು, ಫೇಲಾಗಿದ್ದು ನನ್ ಕೈ. ಕಾರು ಏನ್ ತಪ್ಪು ಮಾಡ್ತು? ಬ್ರೇಕ್ ಇಡ್ಕೊಂಡ್ರೂ ಅತ್ತು ಕೊಟ್ಟೈತೆ ಅಂದ್ರೆ, ಬುಟ್ರೆ ಎಷ್ಟು ಕೊಡಾಕಿಲ್ಲ? ನಾಳೆ ಬೆಳಿಗ್ಗೆ ಆರಕ್ಕೆ ಇನ್ನೊಂದು ಪರೀಕ್ಸೆ!”

“ಸರಿ. ನೀನು ಮನೇಲಿರು.”

“ಓಓ! ಮೂರನೇ ಗೇರು!”

“ಇಂದಿನ ಸೀಟಲ್ಲಿ ಕುಂತ್ಕೊ, ಅಂಗಾದ್ರೆ.”

“ಈ ಮಂಡಿ ಇಟ್ಕೊಂಡು ಆ ಸಂದೀಲಿ ನುಗ್ಗಾಕಾಯ್ತದಾ? ನಾನು ಕುಂತ್ರೆ ಮುಂದೆ. ಇಲ್ದಿದ್ರೆ ಬಾನೆಟ್ ಮೇಲೆ!”

“ಮುಂದೆ ಕುಂತ್ರೆ ಆ ಕೈಯ ಏನ್ ಮಾಡ್ತೀಯ?”

ಅದೇ ಪ್ರಶ್ನೆ. ಕೈಯನ್ನು ಗೆಲ್ಲುವುದು ಎಷ್ಟು ಮಾತ್ರದ್ದು ಎಂದುಕೊಂಡಿದ್ದೆ. ಬಂಕಿನಿಂದ ಮನೆಗೆ ಬರುವಾಗ ಬಲಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಎಪ್ಪತ್ತೆಂಟು ಕೆಜಿ ಅದರ ಮೇಲೆ ಹೇರಿದೆ. ಕೆರೆ ಏರಿಯ ತಿರುವು ಬಂತು. ಕಟ್! ಯಾವಾಗ ಹೊರಬಂತೋ, ಯಾವಾಗ ಹಿಡಿಯಿತೋ, ದೇವರಾಣೆ ನನಗೇ ಗೊತ್ತಿಲ್ಲ. ಸೆರಗಿನಲ್ಲಿ ಸುತ್ತಿ ಗಂಟು ಹಾಕಿದೆ. ಗೇಟಿನ ತಿರುವಿನಲ್ಲಿ ಸೆರಗಿನ ಸಮೇತ ಹೋಗಿ ಹಿಡಿಯಿತು. ಕಟ್! ನಲವತ್ತೆರಡು ವರ್ಷದಲ್ಲಿ ಗಂಡನನ್ನು ತಿದ್ದಿದೆ, ಕಾರು ಬಂದಾಗಿನಿಂದ ಸಾಕಿದ ಈ ಚಟವನ್ನು ತಿದ್ದಲಾಗಲಿಲ್ಲ. ಆ ದಿನ ಒಲೆಯ ಮುಂದೆ ಕೂತು ನನ್ನ ಕೈಯನ್ನೇ ನೋಡಿಕೊಂಡೆ. ಗಂಗಮ್ಮನ ಮುಖ ಕಣ್ಣಿಗೆ ಬಂತು. ಅವಳಿಗೆ ಏನೆಂದು ಫೋನು ಮಾಡಲಿ? ಇನ್ನು ಬರುವುದಿಲ್ಲ ಕಣೇ, ನನ್ನ ಕೈಯೇ ನನಗೆ ಅಡ್ಡ ಬಂತು ಎಂದೇ?

ಸೋಮವಾರ ಬೆಳಿಗ್ಗೆ ಹಟ ಬಿಡದೆ ಹೋಗಿ ಮುಂದಿನ ಸೀಟಿನಲ್ಲಿ ಕೂತೆ. ಯಜಮಾನರು ಬರಲಿಲ್ಲ. ಅಡುಗೆಮನೆಯಲ್ಲಿ ಪಾತ್ರೆ ಸದ್ದು. ಆಮೇಲೆ ಎರಡೂ ಕೈಯಲ್ಲಿ ಒಂದು ದಬರಿ ಹಿಡಿದುಕೊಂಡು ಬಂದು ನನ್ನ ಮಡಿಲಲ್ಲಿ ಇಟ್ಟರು. ಅದರ ಪಕ್ಕ ಎರಡು ಬಟ್ಟಲು. ದಬರಿಯ ತುಂಬ ರಾತ್ರಿ ನಾನೇ ನೆನೆಹಾಕಿದ್ದ ಅವರೆಕಾಳು, ನೀರಿನ ಸಮೇತ.

“ಏನಿದು?”

“ಇದುಕು.”

ಅವರೆಯ ಕಾಲದಲ್ಲಿ ನಮ್ಮ ಕಡೆ ಯಾವ ಮನೆಗೆ ಹೋದರೂ ಹೆಂಗಸರ ಕೈಯಲ್ಲಿ ಇದೇ ಕೆಲಸ. ನೆನೆದ ಕಾಳನ್ನು ಒಂದೊಂದಾಗಿ ಹಿದುಕಿ, ಸಿಪ್ಪೆ ಒಂದು ಕಡೆ, ಬೇಳೆ ಒಂದು ಕಡೆ. ಒಂದು ಸೇರು ಮುಗಿಯುವಷ್ಟರಲ್ಲಿ ಎರಡು ಮನೆಯ ಜಗಳ ಕೇಳಿ ಮುಗಿಸಬಹುದು. ಆದರೆ ಕಾರಿನಲ್ಲಿ?

“ನನ್ ಕೈ ಮೇಲೆ ನಂಬ್ಕೆ ಇಲ್ವಾ ನಿಮ್ಗೆ?”

“ಕೈ ಮೇಲೆ ನಂಬ್ಕೆ ಐತೆ. ಖಾಲಿ ಕೈ ಮೇಲೆ ಇಲ್ಲ.”

ಕಾರು ಹೊರಟಿತು. ಈ ಸಲ ಕಿಟಕಿಯನ್ನು ನಾನೇ ನಾಲ್ಕು ಬೆರಳು ಇಳಿಸಿಟ್ಟೆ, ಹಿಂದಕ್ಕೆ ಜಗ್ಗುವುದಾದರೆ ಜಗ್ಗಲಿ! ಎಡಗೈಯಲ್ಲಿ ಕಾಳು ತೆಗೆಯುವುದು, ಬಲಗೈಯಲ್ಲಿ ಹಿದುಕುವುದು. ಮೊದಲನೇ ತಿರುವಿನಲ್ಲಿ ಬೇಳೆಯೊಂದು ಚಿಮ್ಮಿ ಯಜಮಾನರ ಕನ್ನಡಕಕ್ಕೆ ಹೊಡೆಯಿತು. ಅವರು ಕತ್ತು ತಿರುಗಿಸಲಿಲ್ಲ. ಅರಳಿಕಟ್ಟೆಯಲ್ಲಿ ಸಿದ್ದಕ್ಕ ಇದ್ದಳು. ನಿಲ್ಲಿಸಿ ಎಂದೆ. ಬುಟ್ಟಿ ಸಮೇತ ಹತ್ತಿಸಿಕೊಂಡೆವು. ಹಿಂದಿನ ಸೀಟಿನಿಂದ ಅವಳು ನನ್ನ ಬಲಗೈಯನ್ನೇ ನೋಡುತ್ತಾ ಬಂದಳು, ಪೊಲೀಸಿನವರು ನೋಡಿದ ಹಾಗೆ. “ಅಮ್ಮಾರ, ಕೈ!” ಎಂದು ನಾಲ್ಕು ಸಲ ಎಚ್ಚರಿಸಿದಳು. ನಾಲ್ಕು ಸಲವೂ ನನ್ನ ಕೈಯಲ್ಲಿ ಇದ್ದದ್ದು ಅವರೆ.

ನಲವತ್ತೆಂಟು ಕಿಲೋಮೀಟರು. ಬಂಕು. ಮಹಾನಂದಾ ಪೈಪು ಹಿಡಿದಳು. ನಾನು ಈ ಸಲ ಕಾರು ಕುಲುಕಲಿಲ್ಲ, ಉಸಿರೂ ಬಿಡಲಿಲ್ಲ. ಕಟ್ ಆಯಿತು. ಎರಡು ಲೀಟರು ನಾನೂರು ಮಿಲಿ!

ಯಜಮಾನರು ಮೊಬೈಲಿನಲ್ಲಿ ಭಾಗ ಮಾಡಿದರು. ಅಳಿಸಿ ಮತ್ತೆ ಮಾಡಿದರು. ಆಮೇಲೆ ನಂಬಿಕೆ ಸಾಲದೆ ಮಹಾನಂದಾಳ ಕೈಯಲ್ಲಿ ಮಾಡಿಸಿದರು.

“ಇಪ್ಪತ್ರಿ ಅಪ್ಪಾರ,” ಎಂದಳು ಅವಳು.

ಇಪ್ಪತ್ತು! ಸೊಪ್ಪಿನ ಬುಟ್ಟಿ, ಸಿದ್ದಕ್ಕ, ಎಪ್ಪತ್ತೆಂಟು ಕೆಜಿ, ಒಂದು ದಬರಿ ಅವರೆ, ಎಲ್ಲ ಸೇರಿ ಇಪ್ಪತ್ತು! ನಾನು ಸೀಟಿನಲ್ಲಿ ಎದೆ ಸೆಟೆದು ಕೂತೆ. “ಏನಂದೆ ನಾನು? ಅದಿನೆಂಟು ಕೊಡ್ಸ್ತೀನಿ ಅಂದ್ನಾ ಇಲ್ವಾ? ಎರಡು ಜಾಸ್ತಿನೇ ಕೊಡ್ಸಿದೀನಿ!”

ಯಜಮಾನರು ಫೋನು ಎತ್ತಿದರು.

“ಅಲೋ, ಪ್ರಸನ್ನ ಸಾರ್? ನಾನು ಆವಲಪ್ಪ. ಬರಬ್ಯಾಡಿ ಸಾರ್, ಕಾರು ಮಾರಾಕಿಲ್ಲ. ಇಪ್ಪತ್ತು ಕೊಡ್ತಾ ಐತೆ ಈಗ… ಇಲ್ಲ ಸಾರ್, ಇಂಜಿನ್ ಬಿಚ್ಲಿಲ್ಲ. ಪ್ಲಗ್ಗೂ ಇಲ್ಲ, ಫಿಲ್ಟ್ರೂ ಇಲ್ಲ… ಎಂಗೆ ಅಂದ್ರೆ, ಎಂಡ್ರು ಕೈಗೆ ಒಂದು ಕೆಲ್ಸ ಕೊಟ್ಟೆ ಸಾರ್, ಅಷ್ಟೇ. ನೀವು ಬೇರೆ ಕಾರು ತಕ್ಕೊಂಡ್ರೂ ಒಂದು ಸೇರು ಅವ್ರೆಕಾಳು ಮರೀಬ್ಯಾಡಿ.”

ನಾನು ಸಿಪ್ಪೆಯ ಬಟ್ಟಲನ್ನು ಬಂಕಿನ ಕಸದ ಡಬ್ಬಕ್ಕೆ ಸುರಿದು ಬಂದೆ.

ಇವತ್ತು ಗುರುವಾರ. ಗಂಗಮ್ಮನ ಮನೆಗೆ ಹೊರಟಿದ್ದೇವೆ. ಯಜಮಾನರ ಕತ್ತು ನೆಟ್ಟಗಿದೆ, ಕಣ್ಣು ರಸ್ತೆಯ ಮೇಲಿದೆ. ಮಡಿಲಲ್ಲಿ ದಬರಿ ಅರ್ಧ ಖಾಲಿಯಾಗಿದೆ, ಗಂಗಮ್ಮನ ಮಧ್ಯಾಹ್ನದ ಸಾರಿಗೆ ಇನ್ನೂ ಒಂದು ಬಟ್ಟಲು ಬೇಳೆ ಬೇಕು. ಅಗೋ, ಕೆರೆ ಏರಿಯ ತಿರುವು. ನಾನು ಈ ಕಡೆಗೆ ಜಾರಿದೆ, ಬಲಗೈ ತಾನಾಗಿ ಬಿಗಿಯಿತು, ಒಳಗಿದ್ದ ಕಾಳಿನಿಂದ ಬೇಳೆ ಪುಳಕ್ಕನೆ ಬಟ್ಟಲಿಗೆ ಜಿಗಿಯಿತು. ಸಿಪ್ಪೆಯನ್ನು ಆ ಕಡೆಗೆ ಹಾಕಿ, ಇನ್ನೊಂದು ಕಾಳು ತೆಗೆದುಕೊಂಡೆ.